ತೋಟ ಅಡವಿಟ್ಟು ಓದಲು ಹೋಗಲೇ?

ಓದುಗರ ಸ್ಪಂದನ

ಮೂಡಿಗೆರೆ ತಾಲ್ಲೂಕಿನ ಯುವತಿಯೊಬ್ಬರು ಕಳೆದ ತಿಂಗಳು ತಮ್ಮ ಸಂಕಟ ತೋಡಿಕೊಂಡಿದ್ದರು. ಹಾಸನದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ ಅವರಿಗೆ ಸ್ನಾತಕೋತ್ತರ ಓದಿಗೆ ಅಮೆರಿಕ, ಜರ್ಮನಿ ಎರಡೂ ಕಡೆ ಸೀಟು ಸಿಕ್ಕಿದೆ. ನಾಲ್ಕೂವರೆ ಎಕರೆ ಕಾಫಿ ತೋಟ ಅಡವಿಡಲು ಅಪ್ಪ ಸಿದ್ಧ. ಅಮ್ಮನಿಗೆ ಮನಸ್ಸಿಲ್ಲ. ‘ಮೊದಲು ಮದುವೆ’ ಎನ್ನುವ ಚಿಕ್ಕಪ್ಪ ಬೇರೆ. ‘ಅಲ್ಲಿ ಓದಿ ದಡ ಸೇರದಿದ್ದರೆ ತೋಟವೂ ಹೋಯಿತಲ್ಲ’ ಎಂಬ ಭಯ ಆ ಯುವತಿಯದು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಮಗೂ, ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಸಾಲದ ಕಡತ ನೋಡಿದವನು ನಾನು. ನಿನ್ನ ಪತ್ರದಲ್ಲಿ ಎಲ್ಲವೂ ಇದೆ, ಲೆಕ್ಕ ಮಾತ್ರ ಇಲ್ಲ.

ತೋಟ ಅಡವಿಡುತ್ತೇನೆ ಎಂದು ನಿನ್ನ ಅಪ್ಪ ಹೇಳಿದಷ್ಟು ಸುಲಭವಾಗಿ ಬ್ಯಾಂಕು ಒಪ್ಪುವುದಿಲ್ಲ. ಸಾಲ ತೀರದಿದ್ದಾಗ ನ್ಯಾಯಾಲಯದ ಮೆಟ್ಟಿಲು ಹತ್ತದೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಇರುವ ಅಸ್ತ್ರ 2002ರ ಸರ್ಫೇಸಿ ಕಾಯ್ದೆ. ಅದು ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಕಾಫಿ ತೋಟ ಕೃಷಿ ಭೂಮಿ ಹೌದೋ ಅಲ್ಲವೋ ಎಂಬ ತಕರಾರು ನಮ್ಮ ಬೆಳೆಗಾರರಿಗೆ ಗೊತ್ತೇ ಇದೆ. ಹಾಗಾಗಿ ಶಿಕ್ಷಣ ಸಾಲಕ್ಕೆ ಪಹಣಿ ಹಿಡಿದು ಹೋದರೆ ಮ್ಯಾನೇಜರು ಮುಖ ಹುಳ್ಳಗೆ ಮಾಡುತ್ತಾರೆ. ಅವರು ಕೇಳುವುದು ಖಾತೆ ಸರಿಯಿರುವ ಮನೆ, ನಿವೇಶನ, ಇಲ್ಲವೇ ಠೇವಣಿ. ಸರ್ಕಾರಿ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ಆಸ್ತಿಯ ಆಧಾರ ಕೇಳುವುದಿಲ್ಲ. ಕೆಲವು ಹೆಸರಾಂತ ವಿಶ್ವವಿದ್ಯಾಲಯಗಳ ಪಟ್ಟಿಯನ್ನೇ ಇಟ್ಟುಕೊಂಡು ಅಲ್ಲಿಗೆ ಹೋಗುವವರಿಗೆ ಅದಕ್ಕಿಂತ ಹೆಚ್ಚು ಕೊಡುವ ಬ್ಯಾಂಕುಗಳೂ ಇವೆ. ಮೊದಲು ಆ ಪಟ್ಟಿ ಕೇಳು. ತೋಟದ ಮಾತು ಆಮೇಲೆ.

ಇನ್ನು ಕಂತು. 40 ಲಕ್ಷ ಸಾಲಕ್ಕೆ ಶೇ 10.5ರ ಬಡ್ಡಿ, ಹತ್ತು ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 54 ಸಾವಿರ ರೂಪಾಯಿ. ಓದುವಾಗ ಮತ್ತು ಅದರ ನಂತರ ಸ್ವಲ್ಪ ಕಾಲ ಕಂತು ಇರುವುದಿಲ್ಲ ನಿಜ, ಆದರೆ ಬಡ್ಡಿ ಮಲಗಿರುವುದಿಲ್ಲ. ಕೊಯ್ಲಿನ ಹಣ ಕೈಗೆ ಬಂದಾಗ ಆ ವರ್ಷದ ಬಡ್ಡಿಯನ್ನಾದರೂ ಕಟ್ಟಿಬಿಡಿ. ಇನ್ನೊಂದು ಮಾತು: ನೀವು ಸಾಲ ಪಡೆಯುವುದು ರೂಪಾಯಿಯಲ್ಲಿ, ಅಮೆರಿಕಕ್ಕಾದರೆ ಶುಲ್ಕ ಕಟ್ಟುವುದು ಡಾಲರಿನಲ್ಲಿ. 2015ರಲ್ಲಿ 64 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರು ಹತ್ತು ವರ್ಷದಲ್ಲಿ 85 ದಾಟಿತು. ಎರಡನೆಯ ವರ್ಷದ ಶುಲ್ಕಕ್ಕೆ ಇವತ್ತಿನ ದರ ಹಿಡಿದರೆ ಲೆಕ್ಕ ತಪ್ಪುತ್ತದೆ.

ಜೆ.ಎನ್. ಟಾಟಾ ದತ್ತಿ 1892ರಿಂದ ಹೊರದೇಶದ ಓದಿಗೆ ಸಾಲರೂಪದ ವಿದ್ಯಾರ್ಥಿವೇತನ ಕೊಡುತ್ತಿದೆ. ರಾಷ್ಟ್ರಪತಿಯಾಗಿದ್ದ ಕೆ.ಆರ್. ನಾರಾಯಣನ್ ಅವರೂ ಅದರ ನೆರವಿನಿಂದ ಲಂಡನ್ನಿಗೆ ಹೋದವರು. ಅರ್ಜಿ ಹಾಕಿದರೆ ಕಳೆದುಕೊಳ್ಳುವುದೇನಿದೆ?

– ನಿವೃತ್ತ ಬ್ಯಾಂಕ್ ಅಧಿಕಾರಿ, ಹಾಸನ

*

ನಾನು ಅರಸೀಕೆರೆಯವಳು. ಜರ್ಮನಿಯಲ್ಲಿ ಎರಡನೆಯ ವರ್ಷದಲ್ಲಿದ್ದೇನೆ. ನಿಮ್ಮ ಪತ್ರವನ್ನು ಅಮ್ಮ ಫೋಟೊ ತೆಗೆದು ಕಳಿಸಿದರು. ‘ನನ್ನಿಂದ ಆಗುತ್ತದೆಯೇ’ ಎಂಬ ನಿಮ್ಮ ಸಾಲು ಓದಿ ನಗು ಬಂತು, ಏಕೆಂದರೆ ಅದೇ ಸಾಲನ್ನು ನಾನು ನನ್ನ ಡೈರಿಯಲ್ಲಿ ಬರೆದಿದ್ದೆ.

ಹಣದ ಮಟ್ಟಿಗೆ ಇಲ್ಲಿ ಹಗುರ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ನಮ್ಮಂಥವರಿಂದ ಸೆಮಿಸ್ಟರಿಗೆ 1,500 ಯೂರೊ ವಸೂಲು ಮಾಡುತ್ತದೆ. ನಿಮ್ಮ ಸೀಟು ಯಾವ ರಾಜ್ಯದ್ದೆಂದು ನೋಡಿಕೊಳ್ಳಿ. ವೀಸಾಕ್ಕೆ ಮೊದಲೇ 11,904 ಯೂರೊ, ಅಂದರೆ 12 ಲಕ್ಷ ರೂಪಾಯಿ ಸುತ್ತಮುತ್ತ, ಒಂದು ವಿಶೇಷ ಖಾತೆಗೆ ಹಾಕಬೇಕು. ಬಂದ ಮೇಲೆ ಅದು ತಿಂಗಳಿಗೆ 992 ಯೂರೊದಂತೆ ಹನಿ ನೀರಾವರಿಯ ಹಾಗೆ ಕೈಗೆ ಬರುತ್ತದೆ. ನಿಮ್ಮದೇ ಹಣ, ಆದರೆ ಒಟ್ಟಿಗೆ ತೆಗೆಯುವಂತಿಲ್ಲ. ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅನುಮತಿ ಇದೆ.

ಕಷ್ಟವಾದದ್ದು ಓದಿನ ರೀತಿ. ನಮ್ಮ ಕಾಲೇಜಿನಲ್ಲಿ ಹಾಜರಾತಿ ಕಡಿಮೆಯಾದರೆ ಮನೆಗೆ ಫೋನು ಬರುತ್ತಿತ್ತು, ಮೂರು ಇಂಟರ್ನಲ್ಸ್ ಬರೆಯುತ್ತಿದ್ದೆವು. ಇಲ್ಲಿ ನನ್ನ ಹೆಚ್ಚಿನ ತರಗತಿಗಳಲ್ಲಿ ಹಾಜರಿ ಕೂಗುವವರೇ ಇಲ್ಲ. ಸೆಮಿಸ್ಟರಿನ ಕೊನೆಗೆ ಒಂದೇ ಪರೀಕ್ಷೆ, ಅದಕ್ಕೂ ನಾವೇ ಗಡುವಿನೊಳಗೆ ಹೆಸರು ನೋಂದಾಯಿಸಬೇಕು. ನಾನು ಮೊದಲ ಸಲ ಒಂದು ವಿಷಯದ ಗಡುವು ಮರೆತೆ. ಯಾರೂ ಜ್ಞಾಪಿಸಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅಂಕವೂ ತಲೆಕೆಳಗು: 1.0 ಎಂದರೆ ಅತ್ಯುತ್ತಮ, 4.0ಕ್ಕೆ ಪಾಸು, 5.0 ಬಂದರೆ ಫೇಲು. ನನಗೆ 3.7 ಬಂದಾಗ ಅಪ್ಪ ಊರಿಗೆಲ್ಲ ಸಿಹಿ ಹಂಚಿದ್ದರು. ನಿಜ ಹೇಳಲು ನನಗೆ ಎರಡು ವಾರ ಬೇಕಾಯಿತು.

ಮೊದಲ ದಿನ ಪಾಠ ಮುಗಿದದ್ದೇ ತಡ, ಎಲ್ಲರೂ ಬೆರಳಿನ ಗೆಣ್ಣಿನಿಂದ ಮೇಜು ಕುಟ್ಟಿದರು. ಪ್ರಾಧ್ಯಾಪಕರ ಮೇಲೆ ಸಿಟ್ಟೇ ಎಂದು ಗಾಬರಿಯಾದೆ. ಅದು ಇಲ್ಲಿಯ ಚಪ್ಪಾಳೆ.

ತರಗತಿ ಇಂಗ್ಲಿಷಿನಲ್ಲಿದ್ದರೂ ಮನೆಯ ಕರಾರು, ನಗರ ಕಚೇರಿಯ ಪತ್ರ ಎಲ್ಲ ಜರ್ಮನ್ ಭಾಷೆಯಲ್ಲಿ. ಈಗಲೇ ಕಲಿಯಲು ಶುರು ಮಾಡಿ. ಕೋಣೆ ಹುಡುಕುವುದನ್ನು ಸೀಟು ಸಿಕ್ಕ ದಿನವೇ ಆರಂಭಿಸಬೇಕು, ನೋಡದ ಕೋಣೆಗೆ ಮುಂಗಡ ಕಳಿಸಬೇಡಿ. ವಾಸಕ್ಕೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅಮ್ಮ ಕೊಡುವ ತುಪ್ಪ, ಪೇಡ ತರಬೇಡಿ. ಐರೋಪ್ಯ ಒಕ್ಕೂಟದೊಳಕ್ಕೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ರಾಗಿ ಹಿಟ್ಟು, ಸಾರಿನ ಪುಡಿಯ ಜೊತೆ ನಾನು ಬಂದೆ. ಅಂದ ಹಾಗೆ, ಹುರಿದ ಕಾಫಿಗೆ ಜರ್ಮನಿಯಲ್ಲಿ ಪ್ರತ್ಯೇಕ ತೆರಿಗೆಯಿದೆ, ಕಿಲೋಗೆ 2.19 ಯೂರೊ. ಬೆಳೆಗಾರರಾದ ನಿಮ್ಮ ಅಪ್ಪನಿಗೆ ಹೇಳಿ, ಬೇಸರ ಮಾಡಿಕೊಳ್ಳಲಿ.

ಅಳು ಬರುವುದು ನವೆಂಬರಿನಲ್ಲಿ. ಸಂಜೆ ಐದಕ್ಕೆ ಮುಂಚೆಯೇ ಕತ್ತಲು, ಭಾನುವಾರ ಅಂಗಡಿಗಳಿಗೆಲ್ಲ ಬಾಗಿಲು. ಮಲೆನಾಡಿನ ಜಡಿಮಳೆಯಲ್ಲಿ ಬೆಳೆದ ನಿಮಗೆ ಮೋಡ ಹೊಸದಲ್ಲ, ಮೌನ ಹೊಸದು.

– ಅರಸೀಕೆರೆಯ ವಿದ್ಯಾರ್ಥಿನಿ

*

ನನ್ನ ತಮ್ಮ ಅಮೆರಿಕಕ್ಕೆ ಹೋದ. ಕಳಿಸಿಕೊಟ್ಟ ಏಜೆಂಟನು ‘ಊಟ, ಬಾಡಿಗೆ ಎಲ್ಲ ಪಾರ್ಟ್ ಟೈಮ್ ದುಡಿಮೆಯಲ್ಲಿ ಕಳೆಯುತ್ತದೆ’ ಎಂದಿದ್ದ. ಸುಳ್ಳು. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ತರಗತಿ ನಡೆಯುವ ತಿಂಗಳುಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮಾತ್ರ. ಅದಕ್ಕೂ ನೂರು ಜನರ ಸಾಲು. ಹೊರಗೆ ಕದ್ದು ದುಡಿದು ಸಿಕ್ಕಿಬಿದ್ದರೆ ಓದೂ ಇಲ್ಲ, ವೀಸಾವೂ ಇಲ್ಲ. ತಮ್ಮ ಮೊದಲ ಆರು ತಿಂಗಳು ಮನೆಯಿಂದಲೇ ಹಣ ತರಿಸಿಕೊಂಡ. ಓದು ಮುಗಿದ ಮೇಲೆ 12 ತಿಂಗಳು, ಎಂಜಿನಿಯರಿಂಗಿನಂಥ ವಿಷಯಗಳಿಗೆ ಇನ್ನೂ 24 ತಿಂಗಳು ಕೆಲಸ ಮಾಡಬಹುದು. ಆಮೇಲೆ ಕೆಲಸದ ವೀಸಾ ಎಚ್-1ಬಿಗೆ ಲಾಟರಿ, ಹೆಸರಿಗಲ್ಲ, ನಿಜವಾದ ಲಾಟರಿ. ಸಾಲ ತೀರಿಸುವ ಲೆಕ್ಕವನ್ನು ಅದರ ಮೇಲೆ ಕಟ್ಟಬೇಡಿ. ನಿಮ್ಮ ಕೈಯಲ್ಲಿ ಎರಡು ಸೀಟು ಇದೆಯಲ್ಲ, ನನ್ನ ಮತ ಜರ್ಮನಿಗೆ.

– ಓದುಗರು, ಕೊಪ್ಪ

*

ಚಿಕ್ಕಪ್ಪನಿಗೆ ಹೇಳಿ: ಕೋರ್ಸು ಎರಡು ವರ್ಷ. ಅಷ್ಟರಲ್ಲಿ ವರ ಹುಡುಕುತ್ತಿರಲಿ, ಅವರಿಗೂ ಕೆಲಸವಾಗುತ್ತದೆ.

– ಕಾಲೇಜು ಉಪನ್ಯಾಸಕಿ, ಚಿಕ್ಕಮಗಳೂರು

*

ಈ ಪತ್ರ ನಿಮ್ಮ ತಂದೆಯವರಿಗೆ. ಯಜಮಾನರೇ, ನಮ್ಮದೂ ಆರು ಎಕರೆಯ ಸಣ್ಣ ತೋಟ, ರೊಬಸ್ಟಾ. ಮಗಳು ನೆದರ್‌ಲ್ಯಾಂಡ್ಸ್‌ನಲ್ಲಿ ಮಣ್ಣಿನ ಬಗ್ಗೆ ಓದುತ್ತಿದ್ದಾಳೆ. ನಾವು ತೋಟ ಮುಟ್ಟಲಿಲ್ಲ. ಪೇಟೆಯಲ್ಲಿದ್ದ ನಿವೇಶನವನ್ನು ಬ್ಯಾಂಕಿಗೆ ಕೊಟ್ಟೆವು. ಅದು ನನ್ನ ಹೆಂಡತಿಯ ಹೆಸರಿನಲ್ಲಿತ್ತು. ಸಹಿ ಹಾಕಲು ಆಕೆ ಎಂಟು ದಿನ ತೆಗೆದುಕೊಂಡಳು.

ನಿಮ್ಮ ಮನೆಯವರಿಗೆ ಮನಸ್ಸಿಲ್ಲ ಎಂದು ಮಗಳು ಬರೆದಿದ್ದಾಳೆ, ಯಾಕೆ ಎಂದು ಬರೆದಿಲ್ಲ. ನೀವು ಕೇಳಿದ್ದೀರಾ? ನಾನು ಕೇಳಿರಲಿಲ್ಲ. ಹೆಣ್ಣುಮಗಳನ್ನು ದೂರ ಕಳಿಸುವ ಅಂಜಿಕೆ ಎಂದುಕೊಂಡಿದ್ದೆ. ಎಂಟನೆಯ ದಿನ ಬಾಯಿಬಿಟ್ಟಳು: ಆಳುಗಳ ವಾರದ ಬಟವಾಡೆ, ಗೊಬ್ಬರದ ಅಂಗಡಿಯ ಬಾಕಿ, ಬ್ಯಾಂಕಿನ ಸಂದೇಶ ಎಲ್ಲವನ್ನೂ ಮಗಳೇ ಮೊಬೈಲಿನಲ್ಲಿ ನೋಡಿಕೊಳ್ಳುತ್ತಿದ್ದಳು. ಅವಳು ಹೋದರೆ ಕೊಯ್ಲಿನ ಹೊತ್ತಿಗೆ ಲೆಕ್ಕ ಯಾರದು? ನನಗೆ ಎರಡಕ್ಕೆ ಎರಡು ಕೂಡಿಸಲೂ ಬೇಸರ ಎಂಬುದು ಆಕೆಗೆ ಗೊತ್ತು. ಹೊರಡುವ ಮೊದಲು ಮೂರು ತಿಂಗಳು ಮಗಳು ಅಮ್ಮನಿಗೆ ಎಲ್ಲವನ್ನೂ ಕಲಿಸಿದಳು.

ಈಗ ಕೊಯ್ಲಿನ ದಿನಗಳಲ್ಲಿ ರಾತ್ರಿ ಎಂಟಕ್ಕೆ ಮಗಳ ಫೋನು ಬರುತ್ತದೆ, ಅಲ್ಲಿ ಆಗ ಮಧ್ಯಾಹ್ನ ಮೂರೂವರೆ. ಊಟ ಆಯಿತೇ ಎಂದು ನಾನು ಕೇಳುವಷ್ಟರಲ್ಲಿ ಫೋನು ಹೆಂಡತಿಯ ಕೈಗೆ ಹೋಗಿರುತ್ತದೆ. ಇವಳು ಬಟವಾಡೆ ಪುಸ್ತಕ ಓದುತ್ತಾಳೆ, ಮಗಳು ಅಲ್ಲಿಂದ ತಪ್ಪು ಹುಡುಕುತ್ತಾಳೆ. ಹೋದ ವಾರ ಒಂದೂ ಸಿಗಲಿಲ್ಲವಂತೆ.

– ಕಾಫಿ ಬೆಳೆಗಾರ, ಸಕಲೇಶಪುರ