ಬಸ್ ಡ್ರೈವರ್‌ಗಳ ಕಂಪ್ಯೂಟರ್ ಟ್ರೈನಿಂಗ್ ತಿದ್ದೋ ಇಂಟರ್ನ್‌ಶಿಪ್, ಎಲ್ಲಿಂದ ಶುರು ಮಾಡ್ಲಿ?

ಮಡಿಕೇರಿ_ಮಳೆ:

ಎಲ್ರಿಗೂ ನಮಸ್ಕಾರ. ನಾನು ಮಡಿಕೇರಿಯವಳು, ಎಂಎ ಎಜುಕೇಶನ್ ಕೊನೇ ಸೆಮಿಸ್ಟರು, ಈಗ ಮೂರು ತಿಂಗಳ ಇನ್‌ಸ್ಟ್ರಕ್ಷನಲ್ ಡಿಸೈನ್ (ಅಂದ್ರೆ ಕಲಿಯೋರಿಗೆ ಪಾಠ ರೂಪಿಸೋ ಕೆಲಸ) ಇಂಟರ್ನ್‌ಶಿಪ್ ಮಾಡ್ತಾ ಇದೀನಿ. ಡ್ರೈವರು ಕಂಡಕ್ಟರುಗಳಿಗೆ ಅಂತ ವರ್ಷಗಳ ಹಿಂದೆ ಮಾಡಿದ, ಕಂಪ್ಯೂಟರಲ್ಲಿ ನೋಡಿ ಕಲಿಯೋ ಟ್ರೈನಿಂಗ್ ಒಂದಿದೆ, ಅದನ್ನ ತಿದ್ದಿ ಹೊಸದು ಮಾಡೋದು ನನ್ನ ಕೆಲಸ. ಮೊದಲು ಫ್ಲ್ಯಾಶ್ ಅನ್ನೋ ಹಳೇ ಸಾಫ್ಟ್‌ವೇರಲ್ಲಿತ್ತಂತೆ, 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಂತ್ಮೇಲೆ ಯಾರೋ ಎಲ್ಲಾನೂ ಸ್ಲೈಡ್ ಮಾಡಿ ಇಟ್ಟಿದಾರೆ. ಒಟ್ಟು 94 ಸ್ಲೈಡು. ನಂಗೆ ಹೇಳಿರೋದು ಇಷ್ಟೇ: ಭಾಷೆ ಸರಿ ಮಾಡಿ, ಚಿತ್ರ ಬದಲಾಯಿಸಿ, ಮೊಬೈಲಲ್ಲೂ ಓಡೋ ಹಾಗೆ ಮಾಡಿ.

ಹೋದ ವಾರ ಒಬ್ಬ ಡ್ರೈವರಣ್ಣ ಇದನ್ನ ಮಾಡ್ತಿರೋವಾಗ ಪರ್ಮಿಶನ್ ತಗೊಂಡು ಹಿಂದೆ ಕೂತು ನೋಡ್ದೆ. ಐವತ್ತರ ಹತ್ರ ವಯಸ್ಸು, ಮೌಸ್ ಮೇಲೆ ಕೈ ಇಟ್ಕೊಂಡು 'ಮುಂದೆ' ಅನ್ನೋ ಬಟನ್ ಬಿಟ್ಟು ಇನ್ನೆಲ್ಲೂ ಕಣ್ಣು ಹಾಯಿಸ್ಲಿಲ್ಲ, 94 ಸ್ಲೈಡು 11 ನಿಮಿಷಕ್ಕೆ ಮುಗೀತು. ಪರೀಕ್ಷೇಲಿ 20ಕ್ಕೆ 18. ಹೇಗಣ್ಣ ಅಂತ ಕೇಳಿದ್ದಕ್ಕೆ "ಉದ್ದ ಇರೋ ಉತ್ತರಾನೇ ಸರಿ ಇರುತ್ತಮ್ಮ, ಇಲ್ಲಾಂದ್ರೆ ಮೇಲಿನ ಎಲ್ಲವೂ" ಅಂದ್ರು. ಹೇಳಿ ಎದ್ದು ಹೋಗಿ ಬಸ್ ಹತ್ತಿದ್ರು, ಆಚೆ ಹತ್ತಡಿ ಮುಂದೆ ಕಾಣದಂಥ ಮಂಜು, ಸಂಪಾಜೆ ಘಾಟಿ ಇಳಿಯೋ ಟ್ರಿಪ್ಪು. ಆ ದೃಶ್ಯ ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಸ್ಲೈಡ್ 41 ಹೀಗಿದೆ ನೋಡಿ: "ಇಳಿಜಾರಿನ ಮಾರ್ಗದಲ್ಲಿ ಚಾಲಕನು ಬ್ರೇಕನ್ನು ಮಧ್ಯಂತರವಾಗಿ ಅನ್ವಯಿಸತಕ್ಕದ್ದು." ಪಕ್ಕದ ಫೋಟೋದಲ್ಲಿ ಸ್ಟೇರಿಂಗು ಎಡಗಡೆ ಇದೆ, ಹೊರಗೆ ಹಿಮ ಬಿದ್ದಿದೆ.

ಇನ್ನು ಏಳು ವಾರ ಉಳಿದಿದೆ. ಹೇಳಿದಷ್ಟು ಭಾಷೆ ತಿದ್ದಿ ಕೊಟ್ಬಿಡ್ಲಾ ಅಥವಾ ಎಲ್ಲಾ ಕಿತ್ತು ಮೊದಲಿಂದ ಮಾಡೋಣ ಅಂತ ಕೇಳ್ಲಾ? ಕೇಳಿದ್ರೆ ಇಂಟರ್ನ್ ಮಾತು ಯಾರು ಕೇಳ್ತಾರೆ ಅಂತಾನೂ ಭಯ ಇದೆ.

ಕುಶಾಲನಗರದವ:

ತಂಗಿ, ನಾನು ಇದೇ ಫೀಲ್ಡಲ್ಲಿ ಬೆಂಗಳೂರಲ್ಲಿದೀನಿ, ಒಂಬತ್ತು ವರ್ಷ ಆಯ್ತು. 94 ಸ್ಲೈಡನ್ನೂ ಹೊಸದಾಗಿ ಮಾಡಕ್ಕೆ ಹೋಗ್ಬೇಡಿ, ಏಳು ವಾರದಲ್ಲಿ ಆಗಲ್ಲ. ಯಾವ ತಪ್ಪು ಮಾಡಿದ್ರೆ ಜೀವಕ್ಕೆ ಕುತ್ತು ಬರುತ್ತೆ, ಯಾವುದು ದಿನಾ ತಪ್ಪಾಗುತ್ತೆ ಅಂತ ಡ್ರೈವರುಗಳು, ಮೆಕ್ಯಾನಿಕ್‌ಗಳ ಹತ್ರ ಕೇಳಿ ಐದೋ ಆರೋ ವಿಷಯ ಆರಿಸ್ಕೊಳಿ. ಟ್ರೈನಿಂಗ್ ರೂಪಿಸೋ ಹಂತಗಳನ್ನ ಹೇಳೋ ಆಡಿ (ADDIE) ಮಾಡೆಲ್ ಅಂತ ಓದಿರ್ತೀರಲ್ಲ, ಅದ್ರಲ್ಲಿ ಮೊದಲ್ನೇ ಹಂತ ಅನಾಲಿಸಿಸ್, ಅಂದ್ರೆ ಕಲಿಯೋರಿಗೆ ಏನು ಬೇಕು ಅಂತ ತಿಳ್ಕೊಳೋದು, ಎಲ್ರೂ ಹಾರಿಸೋದೂ ಅದನ್ನೇ. ನೀವು ಆ ಅಣ್ಣನ ಹಿಂದೆ ಕೂತು ನೋಡಿದ್ರಲ್ಲ, ಅಲ್ಲಿಗೆ ಅರ್ಧ ಅನಾಲಿಸಿಸ್ ಆಗೋಯ್ತು. 11 ನಿಮಿಷ, 18 ಮಾರ್ಕು, ಉದ್ದದ ಉತ್ತರ, ಈ ಮೂರನ್ನ ಒಂದು ಪುಟದಲ್ಲಿ ಬರೆದು ಮೇಲಿನವ್ರಿಗೆ ಕೊಡಿ, ದೊಡ್ಡ ಥಿಯರಿ ಏನೂ ಬೇಡ.

ಪರೀಕ್ಷೆ ಪೂರ್ತಿ ತೆಗೀರಿ. 'ಈ ಕೆಳಗಿನವುಗಳಲ್ಲಿ ಯಾವುದು ಸರಿ' ಅಂತ ಕೇಳೋ ಬದಲು ಒಂದು ಸನ್ನಿವೇಶ ಕೊಟ್ಟು ಈಗ ಏನ್ಮಾಡ್ತೀರಿ ಅಂತ ಕೇಳಿ, ಮೂರು ಉತ್ತರಾನೂ ಒಂದೇ ಉದ್ದ ಇರ್ಲಿ, ಮೂರೂ ಒಬ್ಬ ಒಳ್ಳೇ ಡ್ರೈವರು ಮಾಡ್ಬಹುದು ಅನ್ನಿಸೋ ಹಾಗಿರ್ಲಿ. ತಪ್ಪು ಒತ್ತಿದ್ರೆ 'ತಪ್ಪು' ಅಂತ ಕೆಂಪಕ್ಷರ ಬರೋದಲ್ಲ, ಮುಂದೆ ಏನಾಗುತ್ತೆ ಅಂತ ತೋರಿಸಿ. ಇನ್ನೊಂದು, ಸ್ಕ್ರೀನಲ್ಲಿರೋ ವಾಕ್ಯಾನೇ ಧ್ವನೀಲೂ ಓದಿಸ್ಬೇಡಿ, ಕಲಿಕೆ ಬಗ್ಗೆ ಸಂಶೋಧನೆ ಮಾಡಿರೋ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವ್ರ ಪ್ರಯೋಗಗಳಲ್ಲಿ ಹಾಗೆ ಎರಡೂ ಒಟ್ಟಿಗೆ ಕೊಟ್ಟಾಗ ಕಲಿಕೆ ಕಮ್ಮಿಯಾಗಿದ್ದು ಕಂಡಿದೆ. ಚಿತ್ರ ಮತ್ತೆ ಧ್ವನಿ ಸಾಕು. ನಿಮ್ಮಲ್ಲಿ ಇದು ಇನ್ನೂ ಮುಖ್ಯ, ಯಾಕಂದ್ರೆ ಟ್ರಾನ್ಸ್‌ಪೋರ್ಟ್ ಗಾಡಿ ಡ್ರೈವರಿಗೆ ಎಂಟ್ನೇ ಕ್ಲಾಸ್ ಪಾಸಾಗಿರ್ಬೇಕು ಅನ್ನೋ ನಿಯಮಾನ ಕೇಂದ್ರ ಸರ್ಕಾರ 2019ರಲ್ಲೇ ತೆಗೆದಿದೆ, ಓದಕ್ಕೆ ಕಷ್ಟ ಪಡೋರೂ ಕೂತ್ಕೋತಾರೆ ಅಂತ ಅಂದ್ಕೊಂಡೇ ಮಾಡಿ.

ಹಾಂ, ಹಳೇ ಫೈಲು ನುಡಿ ಫಾಂಟಲ್ಲಿದ್ರೆ ಮೊದಲು ಯೂನಿಕೋಡಿಗೆ ತಂದ್ಕೊಳಿ, ಇಲ್ಲಾಂದ್ರೆ ಮೊಬೈಲಲ್ಲಿ ಬರೀ ಚಿತ್ರವಿಚಿತ್ರ ಅಕ್ಷರ ಕಾಣುತ್ತೆ. ಕನ್ವರ್ಟ್ ಆದ್ಮೇಲೂ ಒತ್ತಕ್ಷರ, ಅರ್ಕಾವೊತ್ತು ಒಂದೊಂದೂ ಕಣ್ಣಲ್ಲೇ ನೋಡಿ. ಇದಕ್ಕೆ ಒಂದು ವಾರಾನೇ ಹೋಗುತ್ತೆ, ಲೆಕ್ಕದಲ್ಲಿಟ್ಕೊಳಿ.

ಹಳೇ_ಸ್ಟೇರಿಂಗ್:

ಮಗಳೇ, ನಾನು 31 ವರ್ಷ ಬಸ್ ಓಡ್ಸಿದ್ದೀನಿ, ಅದ್ರಲ್ಲಿ ಜಾಸ್ತಿ ಮಡಿಕೇರಿ ಸುಳ್ಯ ಲೈನೇ. ಮೊಬೈಲಲ್ಲಿ ಟೈಪ್ ಮಾಡ್ತಿದೀನಿ ತಪ್ಪಿದ್ರೆ ಹೊಂದ್ಸ್ಕೊ.

ನಿನ್ನ 41ನೇ ಸ್ಲೈಡ್ ಓದಿ ಎದೆ ಧಸಕ್ಕಂತು. ಮಧ್ಯಂತರವಾಗಿ ಅಂದ್ರೆ ನಮ್ಮೋರು ಏನ್ ತಿಳ್ಕೋತಾರೆ ಗೊತ್ತಾ, ಪಟಪಟ ಅಂತ ಪಂಪ್ ಹೊಡೀಬೇಕು ಅಂತ. ಹಿಂದೆ ಆಯಿಲ್ ಬ್ರೇಕ್ ಗಾಡಿ ಓಡ್ಸಿದೋರಿಗೆ ಆ ಅಭ್ಯಾಸ ಕಾಲಲ್ಲೇ ಕೂತಿರುತ್ತೆ. ಏರ್ ಬ್ರೇಕ್ ಗಾಡೀಲಿ ಪಂಪ್ ಹೊಡೆದಷ್ಟೂ ಟ್ಯಾಂಕಲ್ಲಿರೋ ಗಾಳಿ ಖಾಲಿ ಆಗ್ತಾ ಹೋಗುತ್ತೆ, ಕಂಪ್ರೆಸರ್ ಮತ್ತೆ ತುಂಬೋದಕ್ಕೆ ಟೈಮ್ ಬೇಕು, ಗೇಜಿನ ಮುಳ್ಳು ಕೆಳಗೆ ಬಂದು ಬಝರ್ ಕೂಗೋ ಹೊತ್ತಿಗೆ ಮುಂದೆ ತಿರುವು ಬಂದಿರುತ್ತೆ. ಸರಿಯಾದ್ದು ಏನಂದ್ರೆ, ಇಳಿಯೋಕೆ ಮುಂಚೇನೇ ಕೆಳಗಿನ ಗೇರ್ ಹಾಕ್ಕೋಬೇಕು, ಹತ್ತಕ್ಕೆ ಬೇಕಾಗೋ ಗೇರಲ್ಲೇ ಇಳೀಬೇಕು ಅಂತ ನಮ್ಮ ಗುರುಗಳು ಹೇಳ್ತಿದ್ರು, ಎಂಜಿನ್ನೇ ಗಾಡೀನ ಹಿಡ್ಕೊಂಡಿರುತ್ತೆ. ಆಮೇಲೆ ಸ್ಪೀಡು ಏರಿದಾಗ ಒಂದ್ಸಲ ಗಟ್ಟಿಯಾಗಿ ಒತ್ತಿ ಇಳಿಸ್ಬೇಕು, ಪೂರ್ತಿ ಬಿಡ್ಬೇಕು, ಮತ್ತೆ ಏರಿದ್ರೆ ಇನ್ನೊಂದ್ಸಲ. ಮೆಲ್ಲಗೆ ಕಾಲಿಟ್ಕೊಂಡೇ ಇದ್ರೆ ಬ್ರೇಕ್ ಲೈನರ್ ಕಾದು ಸುಟ್ಟ ವಾಸನೆ ಬರುತ್ತೆ, ಆಮೇಲೆ ಎಷ್ಟು ಒತ್ತಿದ್ರೂ ಹಿಡಿಯಲ್ಲ. ಡೀಸೆಲ್ ಉಳಿಸಕ್ಕೆ ಅಂತ ನ್ಯೂಟ್ರಲ್ ಮಾಡಿ ಇಳಿಸೋರಿಗೆ ಎಂಜಿನ್ನಿನ ಹಿಡಿತಾನೂ ಇಲ್ಲ, ಎಂಜಿನ್ ಹೊಗೆ ತಡೆದು ಸ್ಪೀಡ್ ಇಳಿಸೋ ಎಕ್ಸಾಸ್ಟ್ ಬ್ರೇಕೂ ಇಲ್ಲ.

ನಿನ್ನ ಸಾಹೇಬ್ರು ಭಾಷೆ ಸರಿ ಮಾಡು ಅಂದಿದಾರಲ್ವಾ? ಇದೇ ಭಾಷೆ ಸರಿ ಮಾಡೋದು. 'ಅನ್ವಯಿಸತಕ್ಕದ್ದು' ತೆಗೆದು ನಾನ್ ಹೇಳಿದ್ದನ್ನ ಬರಿ, ಹೊಸ ಪರ್ಮಿಶನ್ ಯಾಕೆ ಬೇಕು?

ಮಂಜಲ್ಲಿ ಹೈಬೀಮ್ ಹಾಕಿದ್ರೆ ಬೆಳಕು ವಾಪಸ್ ಕಣ್ಣಿಗೇ ಹೊಡಿಯುತ್ತೆ, ಡಿಮ್ಮೇ ಸರಿ, ಅದೂ ಹಾಕು. ಇಬ್ರಿಗೂ ಜಾಗ ಸಾಲದ ಕಡೆ ಹತ್ತೋ ಗಾಡಿಗೆ ದಾರಿ ಬಿಡ್ಬೇಕು, ಅದು ರೂಲ್ಸಲ್ಲೂ ಇದೆ. ಆಮೇಲೆ ಮಳೆಗಾಲದ್ದು. 2018ರ ಆಗಸ್ಟಲ್ಲಿ ಇದೇ ಮಡಿಕೇರಿ ಸಂಪಾಜೆ ದಾರಿಯ ಜೋಡುಪಾಲದ ಹತ್ರ ಗುಡ್ಡ ಕುಸಿದು ಬಂದಾಗ ಆ ರಸ್ತೆ ಎಷ್ಟು ದಿನ ಬಂದ್ ಆಗಿತ್ತು ಅಂತ ನಿಂಗೂ ನೆನಪಿರ್ಬೇಕು. ಗುಡ್ಡದಿಂದ ಕೆಂಪು ನೀರು ಬರ್ತಿದ್ರೆ, ರಸ್ತೇಲಿ ಹೊಸ ಬಿರುಕು ಕಂಡ್ರೆ, ಮರ ಓರೆ ಆಗಿದ್ರೆ ಅಲ್ಲಿ ಗಾಡಿ ನಿಲ್ಲಿಸ್ಕೊಂಡು ನೋಡ್ತಾ ಕೂರಬಾರ್ದು, ಮುಂದಕ್ಕೆ ನುಗ್ಗಲೂಬಾರ್ದು, ಹಿಂದೆ ಗಟ್ಟಿ ಜಾಗಕ್ಕೆ ಬಂದು ಫೋನ್ ಮಾಡ್ಬೇಕು. 94 ಸ್ಲೈಡಲ್ಲಿ ಇದು ಒಂದಾದ್ರೂ ಇದ್ಯಾ?

ಟಿಕೆಟ್_ಅಕ್ಕ:

ನಾನು ಕಂಡಕ್ಟರು. ಅಂಕಲ್ ಹೇಳಿದ್ದು ಒಂದೊಂದೂ ನಿಜ, ಆದ್ರೆ ಎಲ್ಲಾ ಟ್ರೈನಿಂಗೂ ಡ್ರೈವರಿಗೇ ಮಾಡಿ ಕಂಡಕ್ಟರಿಗೆ ಕೊನೇಲಿ ಎರಡು ಸ್ಲೈಡ್ ಅಂಟಿಸ್ತಾರೆ. ರಿವರ್ಸ್ ತಗೋವಾಗ ಮಳೇಲಿ ಇಳಿದು ವಿಸಿಲ್ ಊದೋದು ಯಾರು? ನಾವೇ. ಡ್ರೈವರಿಗೆ ಕನ್ನಡೀಲಿ ಕಾಣೋ ಜಾಗ ಯಾವುದು ಕಾಣದ ಜಾಗ ಯಾವುದು ಅಂತ ನಂಗೆ ಇವತ್ತಿಗೂ ಯಾರೂ ತೋರ್ಸಿಲ್ಲ, ಅದಕ್ಕೊಂದು ಚಿತ್ರ ಮಾಡಮ್ಮ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದ್ಮೇಲೆ ಸರ್ಕಾರಿ ಬಸ್ಸಲ್ಲಿ ಹೆಂಗಸ್ರಿಗೆ ಶೂನ್ಯ ಟಿಕೆಟ್ ಕೊಡೋದೂ ಸೇರ್ಕೊಂಡಿದೆ, ಫುಟ್‌ಬೋರ್ಡ್ ತನಕ ಜನ, ಆ ರಶ್ಶಲ್ಲಿ ಮಷೀನ್ ಒತ್ಕೊಂಡು ಬಾಗಿಲನ್ನೂ ನೋಡ್ಕೋಬೇಕು. ಹಳೇ ಮಾಡ್ಯೂಲಲ್ಲಿ ಇದು ಇರಕ್ಕೆ ಸಾಧ್ಯಾನೇ ಇಲ್ಲ.

ಇನ್ನೊಂದು ವಿಷಯ ಖಡಾಖಂಡಿತವಾಗಿ ಹೇಳ್ತೀನಿ. ಮೊಬೈಲಲ್ಲಿ ಓಡೋ ಹಾಗೆ ಮಾಡಿ ಅಂದ್ರಲ್ಲ, ಅದರರ್ಥ ನಾವು ಮನೇಲಿ ಅಥವಾ ಊಟದ ಹೊತ್ತಲ್ಲಿ ಮಾಡ್ಬೇಕು ಅಂತಾನಾ? 2025ರ ನವೆಂಬರಲ್ಲಿ ಹೊಸ ಕಾರ್ಮಿಕ ಸಂಹಿತೆ ಬರೋ ತನಕ ಇದ್ದ 1961ರ ಮೋಟಾರ್ ಸಾರಿಗೆ ಕಾರ್ಮಿಕರ ಕಾಯ್ದೇಲೇ ದಿನಕ್ಕೆ 8 ಗಂಟೆ ವಾರಕ್ಕೆ 48 ಗಂಟೆ ಅಂತಿತ್ತು, ಐದು ಗಂಟೆ ಕೆಲಸ ಆದ್ಮೇಲೆ ಅರ್ಧ ಗಂಟೆನಾದ್ರೂ ಬಿಡುವು ಕೊಡ್ಬೇಕು ಅಂತಾನೂ ಇತ್ತು. ಬಿಡುವು ಅಂದ್ರೆ ಬಿಡುವು. ಆ ಅಣ್ಣ 11 ನಿಮಿಷಕ್ಕೆ ಮುಗ್ಸಿದ್ದು ಸೋಮಾರಿತನಕ್ಕಲ್ಲ, ಬಸ್ಸಿಗೆ ಟೈಮಾಗಿತ್ತು, ಅಷ್ಟೇ. ಟ್ರೈನಿಂಗ್ ಟೈಮನ್ನ ಡ್ಯೂಟಿ ಅಂತ ಹಾಕಿಸು, ಮಿಕ್ಕಿದ್ದು ತಾನಾಗೇ ಸರಿಹೋಗುತ್ತೆ.

ಮಡಿಕೇರಿ_ಮಳೆ:

ಅಕ್ಕ, ಟೈಮಿಂದು ನಂಗೆ ಹೊಳೆದೇ ಇರ್ಲಿಲ್ಲ, ನಾನೂ ಅವ್ರಿಗೆ ಆಸಕ್ತಿ ಇಲ್ಲ ಅಂತಾನೇ ಅಂದ್ಕೊಂಡಿದ್ದೆ. ನಿನ್ನೆ ಹೋಗಿ ಕೇಳ್ದೆ, ಹೌದು, ಅವತ್ತು ಅವ್ರ ಬಸ್ ಹೊರಡಕ್ಕೆ ಬರೀ 15 ನಿಮಿಷ ಇತ್ತಂತೆ. ಒಂದು ಪುಟದ ವರದೀಲಿ ಅದನ್ನೇ ಮೊದಲ್ನೇ ಸಾಲು ಮಾಡಿದೀನಿ.

ಅಂಕಲ್, ನೀವು ಹೇಳಿದ್ದನ್ನ ಸನ್ನಿವೇಶ ಮಾಡಿ ಬರ್ದಿದೀನಿ, ನೋಡಿ: "ಮಡಿಕೇರಿಯಿಂದ ಸಂಪಾಜೆ ಕಡೆ ಇಳೀತಿದ್ದೀರಿ. ಸೀಟೆಲ್ಲ ಭರ್ತಿ, ಮಂಜು ಇದೆ. ಲೈನರ್ ಸುಟ್ಟ ವಾಸನೆ ಬರ್ತಿದೆ, ಗಾಳಿ ಗೇಜ್ ಸರಿಯಾಗಿದೆ. ಈಗ ಏನ್ಮಾಡ್ತೀರಿ? ಬ್ರೇಕನ್ನ ಬಿಟ್ಟುಬಿಟ್ಟು ಒತ್ತುತ್ತಾ ಇಳೀತೀರಾ, ಮುಂದಿನ ಸ್ಟಾಪಿನ ತನಕ ಮೆಲ್ಲಗೆ ಹೋಗ್ತೀರಾ, ಅಗಲ ಜಾಗ ಸಿಕ್ಕಲ್ಲೇ ನಿಲ್ಲಿಸ್ತೀರಾ?"

ಹಳೇ_ಸ್ಟೇರಿಂಗ್:

ಚೆನ್ನಾಗಿದೆ ಮಗಳೇ. ಯಾವ ಗೇರಲ್ಲಿದೀರಿ ಅಂತ ಬರ್ದಿಲ್ಲ ನೋಡು, ಡ್ರೈವರ್ ಮೊದ್ಲು ಕೇಳೋದೇ ಅದು. ಟಾಪ್ ಗೇರ್ ಅಂತ ಹಾಕು. ನಿಲ್ಲಿಸಿದ್ಮೇಲೆ ಚಕ್ರಕ್ಕೆ ಕಲ್ಲು ಕೊಡೋದು, ಕಾದ ಡ್ರಮ್ ಮೇಲೆ ನೀರು ಹೊಯ್ಯದೆ ತಾನಾಗೇ ತಣಿಯೋಕೆ ಬಿಡೋದು, ಅದನ್ನೂ ತೋರ್ಸು. ಫೋಟೋ ಬೇಕಿದ್ರೆ ಭಾನುವಾರ ಬೆಳಿಗ್ಗೆ ಬಾ, ನನ್ನ ತಮ್ಮ ಇನ್ನೂ ಗಾಡಿ ಓಡಿಸ್ತಾನೆ, ಗೇಜು, ಎಕ್ಸಾಸ್ಟ್ ಬ್ರೇಕ್ ಸ್ವಿಚ್ಚು ಎಲ್ಲಾ ಬಲಗಡೆ ಸ್ಟೇರಿಂಗ್ ಇರೋ ಗಾಡೀಲೇ ತೆಗ್ಕೊಬಹುದು.

ಮಡಿಕೇರಿ_ಮಳೆ:

ಬರ್ತೀನಿ ಅಂಕಲ್. ಟಾಪ್ ಗೇರ್ ಹಾಕ್ದೆ. ಅಕ್ಕ, ನೀವೂ ಬಂದ್ರೆ ರಿವರ್ಸಲ್ಲಿ ಕಂಡಕ್ಟರ್ ಎಲ್ಲಿ ನಿಲ್ಬೇಕು ಅನ್ನೋ ಚಿತ್ರಾನೂ ಅವತ್ತೇ ತೆಗೀಬಹುದು.