ವೈನ್ ಕುಡಿದರೆ ಉಬ್ಬಸ: ರಮ್‌ಗೆ ಬದಲಾಯಿಸಿದರೆ ಸರಿಹೋಗುತ್ತಾ?

ಪ್ರಶ್ನೆ (ಹೆಸರು ಬೇಡ): ಡಾಕ್ಟ್ರೇ, ನನಗೆ 36. ಆಸ್ತಮಾಗೆ ಇನ್‌ಹೇಲರ್ ನಡೀತಿದೆ. ಕುಡಿಯೋದು ವರ್ಷಕ್ಕೆ ನಾಲ್ಕೈದು ಸಲ, ಅಷ್ಟೇ. ಹೋದ ತಿಂಗಳು ಆಫೀಸ್ ಪಾರ್ಟೀಲಿ ಅರ್ಧ ಗ್ಲಾಸ್ ವೈಟ್ ವೈನ್ ಮುಗಿಸೋಷ್ಟರಲ್ಲಿ ಮೂಗು ಕಟ್ತು, ಎದೆ ಬಿಗಿದು ಸುಯ್ ಸುಯ್ ಅನ್ನೋಕೆ ಶುರುವಾಯ್ತು. ಬಿಯರ್‌ಗೂ ಸ್ವಲ್ಪ ಹಂಗೇ. ವೈನ್ ಅಲರ್ಜಿ ಇರಬೇಕು, ರಮ್ ತಗೋ ಅಂತಾರೆ ಸ್ನೇಹಿತರು. ನಿಜಾನಾ?

ಶ್ವಾಸಕೋಶ ತಜ್ಞರ ಉತ್ತರ: ಸ್ನೇಹಿತರ ಲೆಕ್ಕ ಅರ್ಧ ಸರಿ. ವೈನ್ ಕೆಡದಿರಲಿ ಅಂತ ಸಲ್ಫೈಟ್ ಹಾಕ್ತಾರೆ. ಬಾಟಲಿ ಹಿಂದೆ 220, 224 ಅಂತ ಅದರ ಕೋಡ್ ಸಂಖ್ಯೆ ಇರುತ್ತೆ, ನೋಡಿ. ಅದರಿಂದ ಏಳೋ ಸಲ್ಫರ್ ಡೈಆಕ್ಸೈಡ್ ಉಸಿರಿನ ಜೊತೆ ಒಳಗೆ ಹೋದರೆ, ಮೊದಲೇ ಕೆರಳಿರುವ ಶ್ವಾಸನಾಳ ಬಿಗಿಯುತ್ತೆ. ಸಾಮಾನ್ಯವಾಗಿ ರೆಡ್‌ಗಿಂತ ವೈಟ್‌ನಲ್ಲಿ ಇದು ಜಾಸ್ತಿ. ರೆಡ್‌ನಲ್ಲಿ ಅಲರ್ಜಿ ಥರದ ಲಕ್ಷಣ ತರೋ ಹಿಸ್ಟಮಿನ್ ಕಾಟ. ಜಪಾನ್, ಕೊರಿಯಾ ಕಡೆ ಅನೇಕರಿಗೆ ಆಲ್ಕೋಹಾಲ್ ಒಡೆದು ಬರೋ ಅಸಿಟಾಲ್ಡಿಹೈಡನ್ನು ಕರಗಿಸೋ ಕಿಣ್ವವೇ ದುರ್ಬಲ. ಅವರಿಗೆ ಯಾವ ಮದ್ಯವಾದರೂ ಒಂದೇ.

ರಮ್ ವಿಚಾರ ಆಮೇಲೆ. ಮೂಗು ಕಟ್ತು ಅಂದ್ರಲ್ಲ, ಅದು ನನ್ನ ತಲೇಲಿ ಕೊರೀತಿದೆ. ನಿಮಗೆ ವಾಸನೆ ಗೊತ್ತಾಗುತ್ತಾ? ನೋವಿನ ಮಾತ್ರೆ ತಗೊಂಡಾಗ ಯಾವತ್ತಾದರೂ ದಮ್ಮು ಕಟ್ಟಿತ್ತಾ?

ಪ್ರಶ್ನೆ ಕೇಳಿದವರು: ವಾಸನೆ ಹೋಗಿ ಎರಡು ವರ್ಷ ಆಯ್ತು ಸರ್, ಕೋವಿಡ್ ಪ್ರಭಾವ ಅಂದ್ಕೊಂಡಿದ್ದೆ. ಅದಕ್ಕೂ ಮುಂಚೆ ಮೂಗಿನ ಪಾಲಿಪ್, ಅಂದ್ರೆ ಒಳಗೆ ಬೆಳೆಯೋ ಮೆತ್ತನೆ ಗಂಟಿನ ಆಪರೇಷನ್ ಆಗಿತ್ತು. ಹಲ್ಲುನೋವಿಗೆ ಐಬುಪ್ರೊಫೆನ್ ನುಂಗಿ ಮಧ್ಯರಾತ್ರಿ ಎಮರ್ಜೆನ್ಸಿಗೆ ಓಡಿದ್ದೂ ಉಂಟು. ಇದಕ್ಕೂ ಅದಕ್ಕೂ ಸಂಬಂಧನಾ?

ತಜ್ಞರು: ಸಂಬಂಧ ಅಲ್ಲ, ಬಹುಶಃ ಒಂದೇ ಕಾಯಿಲೆ. ಆಸ್ತಮಾ, ಪಾಲಿಪ್, ಆಸ್ಪಿರಿನ್ ಜಾತಿಯ ಮಾತ್ರೆಗೆ ಉಬ್ಬಸ, ಈ ಮೂರೂ ಒಟ್ಟಿಗೆ ಬರೋ ಒಂದು ಬಗೆಯ ಆಸ್ತಮಾ ಇದೆ. ಅಂಥವರ ದೇಹದಲ್ಲಿ ಲ್ಯೂಕೋಟ್ರಯೀನ್ ಅನ್ನೋ, ಶ್ವಾಸನಾಳ ಬಿಗಿಸೋ ರಾಸಾಯನಿಕ ಮಿತಿಮೀರಿರುತ್ತೆ. ಮದ್ಯ ಕುಡಿದರೆ ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನಕ್ಕೆ ಮೂಗು ಕಟ್ಟುತ್ತೆ, ಅರ್ಧದಷ್ಟು ಜನಕ್ಕೆ ಎದೆಯೂ ಬಿಗಿಯುತ್ತೆ, ಅದೂ ನಾಲ್ಕು ಗುಟುಕಿಗೇ. ಆದ್ದರಿಂದ ರಮ್‌ಗೆ ಬದಲಾಯಿಸಿದರೆ ಬ್ರ್ಯಾಂಡ್ ಬದಲಾಗುತ್ತೆ, ಉಬ್ಬಸ ಅಲ್ಲ.

ಮದ್ಯಕ್ಕಿಂತ ನನಗೆ ಆ ಮಾತ್ರೆಯದೇ ಭಯ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮುಟ್ಟಬೇಡಿ. ಕಾಂಬಿಫ್ಲಾಮ್‌ನಲ್ಲೂ ಐಬುಪ್ರೊಫೆನ್ ಇದೆ. ಮೆಡಿಕಲ್ ಶಾಪಿನಲ್ಲಿ ನೀವಾಗಿಯೇ ಹೇಳಬೇಕು, ಅವರು ಕೇಳಲ್ಲ. ಪ್ಯಾರಾಸಿಟಮಾಲ್ 500 ಸಾಮಾನ್ಯವಾಗಿ ಒಗ್ಗುತ್ತೆ, ಆದರೂ ಮೊದಲು ನಿಮ್ಮ ವೈದ್ಯರನ್ನು ಕೇಳಿ.

ಇನ್ನೊಬ್ಬರು: ನಮ್ಮಜ್ಜಿ ಉಬ್ಬಸಕ್ಕೆ ಬ್ರಾಂದಿಗೆ ಮೆಣಸು ಹಾಕಿ ಕೊಡ್ತಿದ್ರು. ಹಿಡಿತಕ್ಕೂ ಬರ್ತಿತ್ತು ಡಾಕ್ಟ್ರೇ!

ತಜ್ಞರು: ಬಂದಿರಬಹುದು, ಅಜ್ಜಿ ಸುಳ್ಳು ಹೇಳಿಲ್ಲ. ಬರೀ ಆಲ್ಕೋಹಾಲ್‌ಗೆ ಶ್ವಾಸನಾಳವನ್ನು ಸ್ವಲ್ಪ ಹೊತ್ತು ಸಡಿಲಿಸೋ ಗುಣ ಇದೆ. ಆದರೆ ಆ ಕೆಲಸಕ್ಕೆ ಈಗ ಇನ್‌ಹೇಲರ್ ಇದೆ, ನಿಮಿಷಗಳಲ್ಲಿ ಮಾಡುತ್ತೆ. ಉಬ್ಬಸಕ್ಕೆ ಡೆರಿಫಿಲಿನ್ ಮಾತ್ರೆ ತಗೊಳ್ಳುವವರು ಮದ್ಯ ಕುಡಿದರೆ ಅದರ ಥಿಯೋಫಿಲಿನ್ ದೇಹದಿಂದ ನಿಧಾನವಾಗಿ ಹೊರಹೋಗಿ ಎದೆ ಡವಗುಟ್ಟಬಹುದು.

ಪ್ರಶ್ನೆ ಕೇಳಿದವರು: ಹಂಗಾದ್ರೆ ನಾನೀಗ ಏನು ಮಾಡ್ಲಿ ಸರ್?

ತಜ್ಞರು: ಸದ್ಯಕ್ಕೆ ಒಂದು ಗುಟುಕೂ ಬೇಡ. ಇನ್‌ಹೇಲರ್ ಜೇಬಲ್ಲೇ ಇರಲಿ. ಒಂದು ವಾಕ್ಯ ಪೂರ್ತಿ ಮಾಡೋಕೆ ಆಗದಷ್ಟು ಉಸಿರು ಕಟ್ಟಿದರೆ 'ಮಲಗಿದರೆ ಇಳಿಯುತ್ತೆ' ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಪಾಲಿಪ್ ಮತ್ತೆ ಬೆಳೆದಿರೋ ಸಾಧ್ಯತೆ ಇದೆ, ಇಎನ್‌ಟಿಯವರಿಗೂ ತೋರಿಸಿ. ಆಪರೇಷನ್‌ನ ಬಯಾಪ್ಸಿ ರಿಪೋರ್ಟ್, ಹಳೇ ರಕ್ತಪರೀಕ್ಷೆಯ ಇಯೋಸಿನೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ, ಎರಡನ್ನೂ ಹುಡುಕಿ ಜೊತೆಗೆ ತಗೊಂಡು ಹೋಗಿ.