ಭೋಸರಿ ಕಂಪನಿಯೊಳಗ ‘ಕೋ-ಆಪ್’ ಸಿಕ್ಕೇತಿ, ಹೋಗ್ಲೋ ಬ್ಯಾಡೋ?

ಚಿಕ್ಕೋಡಿ_ಹುಡುಗ:
ಎಲ್ಲಾರಿಗೂ ನಮಸ್ಕಾರ್ರೀ. ನಾ ಪುಣೆದಾಗ ಮೆಕ್ಯಾನಿಕಲ್ ಮೂರನೇ ವರ್ಷ ಓದಾಕತ್ತೀನಿ. ಇಲ್ಲೇ ಭೋಸರಿ ಎಂಐಡಿಸಿ (ಸರ್ಕಾರಿ ಕೈಗಾರಿಕಾ ಪ್ರದೇಶ) ಒಳಗ ಒಂದು ಇಂಜಿನಿಯರಿಂಗ್ ಕಂಪನಿ, ಜಿಗ್ ಫಿಕ್ಸ್ಚರ್, ಅಂದ್ರ ಮಷೀನ್ ಮ್ಯಾಲೆ ಪೀಸ್ ಬಿಗಿಯಾಗಿ ಹಿಡಿಯೋ ಸಾಧನ, ಡಿಸೈನ್ ಮಾಡಿ ತಾವೇ ತಯಾರು ಮಾಡಿ ಕೊಡ್ತಾರ, ಹೆಚ್ಚಂದ್ರ 60 ಮಂದಿ ಇರಬೇಕು. ಅವ್ರು ಕಾಲೇಜಿಗೆ ಬಂದು ಇಬ್ಬರನ್ನ ಆರಿಸ್ಯಾರ, ಅದರಾಗ ನಾನೂ ಒಬ್ಬ. ಇದಕ್ಕ ಇಂಟರ್ನ್‌ಶಿಪ್ ಅನ್ನಂಗಿಲ್ಲಂತ, ಕೋ-ಆಪ್ ಅನ್ಬೇಕಂತ. ಈಗ ನಾಕ್ ತಿಂಗಳು ಕೆಲಸ, ಆಮ್ಯಾಲೆ ಕಾಲೇಜು, ಮತ್ತ ಫೈನಲ್ ಇಯರ್‌ದಾಗ ನಾಕ್ ತಿಂಗಳು ಅಲ್ಲೇ. ತಿಂಗಳಿಗೆ 10,000 ಕೊಡ್ತಾರ. ಮನಿಗೆ ಫೋನ್ ಹಚ್ಚಿ ಹೇಳಿದ್ರ ನಮ್ಮಪ್ಪ ‘ಕೋ-ಆಪ್ ಅಂದ್ರ ಸೊಸೈಟಿ ಏನಲೇ, ಷೇರು ತುಂಬಬೇಕೇನು’ ಅಂತ ಕೇಳಿದ, ನಗಬೇಕೋ ಅಳಬೇಕೋ ತಿಳೀಲಿಲ್ಲ.

ಈಗ ಸಮಸ್ಯೆ ಏನಪಾ ಅಂದ್ರ ನನ್ನ ರೂಮ್‌ಮೇಟ್‌ಗೆ ಹಿಂಜವಡಿ ಐಟಿ ಪಾರ್ಕ್ ಕಡೆ ದೊಡ್ಡ ಕಂಪನಿದು ಎರಡು ತಿಂಗಳ ಇಂಟರ್ನ್‌ಶಿಪ್ ಸಿಕ್ಕೇತಿ, ಎಸಿ ಆಫೀಸು, ನನಗೂ ಅಲ್ಲಿ ಮಾತಾಡ್ತೀನಿ ಅನ್ನಾಕತ್ತಾನ. ಇಲ್ಲಿ ನೋಡಿದ್ರ ಪತ್ರಾ ಶೆಡ್ಡು, ಮಷೀನ್ ತಂಪು ಮಾಡೋ ಕೂಲಂಟ್ ವಾಸನಿ. ಅದೂ ಅಲ್ದ ಎಚ್‌ಆರ್ ಮೇಡಮ್ಮು 12ನೇ ಕ್ಲಾಸಿಂದು ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಕೋತೀವಿ ಅಂತ ಅಂದಾರ, ಕಾಲೇಜ್ನ್ಯಾಗ ಹಾಜರಿ ಬಗ್ಗೆ ಯಾರೂ ನೆಟ್ಟಗ ಹೇಳವಲ್ರು. ಏನ್ ಮಾಡ್ಲಿ ಹೇಳ್ರಿ.

ಟೂಲ್‌ರೂಮ್_ಕಾಕಾ:
ತಮ್ಮಾ, ನಾ ಧಾರವಾಡದಾಂವ, ಭೋಸರಿ ಚಾಕಣ ಅಂತ ತಿರುಗ್ಯಾಡಿ 19 ವರ್ಷ ಆತು. ನಿಮ್ಮಪ್ಪಗ ಹೇಳು, ಷೇರು ಏನೂ ತುಂಬೂದಿಲ್ಲ ಅಂತ, ಹಹಹ. ಈ ಕೋ-ಆಪ್ ಹೊಸಾದೇನಲ್ಲ. 1906ರಾಗ ಅಮೆರಿಕಾದ ಸಿನ್ಸಿನಾಟಿ ಯುನಿವರ್ಸಿಟಿ ಒಳಗ ಹರ್ಮನ್ ಶ್ನೈಡರ್ ಅನ್ನಾಂವ ಶುರು ಮಾಡಿದ್ದು, ಹುಡುಗ್ರು ಒಂದು ವಾರ ಕ್ಲಾಸು, ಒಂದು ವಾರ ಕಾರ್ಖಾನಿ. ಕೆನಡಾದ ವಾಟರ್ಲೂ ಒಳಗ 1957ರಿಂದ ಇದೇ ಪದ್ಧತಿ, ಅಲ್ಲಿ ಕಾಲೇಜಿನ ಕ್ಯಾಲೆಂಡರೇ ನಾಕ್ ನಾಕ್ ತಿಂಗಳಿಗೆ ಹೊಂದಿಸಿಟ್ಟಾರ. ನಮ್ಮ ಕಡೆ ಹಂಗಿಲ್ಲ, ಪೇಚಾಟ ಇರೂದೇ ಅಲ್ಲಿ. ಗೋವಾದ ಬಿಟ್ಸ್ ಇಂಜಿನಿಯರಿಂಗ್ ಕಾಲೇಜಿನ ಹುಡುಗ್ರು ಪ್ರಾಕ್ಟೀಸ್ ಸ್ಕೂಲ್ ಅಂತ ಐದೂವರಿ ತಿಂಗಳು ಬರ್ತಾರ, ಅವರಿಗೆ ಅದಕ್ಕ ಕ್ರೆಡಿಟ್ ಐತಿ, ಗ್ರೇಡ್ ಐತಿ. ನೀ ನಿಮ್ಮ ಎಚ್‌ಓಡಿ (ವಿಭಾಗದ ಮುಖ್ಯಸ್ಥರು) ಕಡೆ ಹೋಗಿ ಈ ನಾಕ್ ತಿಂಗಳಿಗೆ ಕ್ರೆಡಿಟ್ ಕೊಡ್ತೀರಿಲ್ಲೋ ಅಂತ ಬರವಣಿಗಿ ಒಳಗ ತಗೋ. ಬಾಯಿಮಾತು ಬ್ಯಾಡ, ಎಚ್‌ಓಡಿ ಬದಲಾದ್ರ ಮುಗೀತು.

ಇನ್ನ ಪತ್ರಾ ಶೆಡ್ಡಿನ ಮಾತು. ನಾ ಹೊಸಾದಾಗಿ ಬಂದಾಗ ಒಂದು ಡ್ರಿಲ್ಲಿಂಗ್ ಫಿಕ್ಸ್ಚರ್ ಡಿಸೈನ್ ಮಾಡಿದ್ದೆ, ಕಂಪ್ಯೂಟರ್ ಮ್ಯಾಲೆ ಭಾಳ ಚಂದ ಕಾಣ್ತಿತ್ತು, ಬಣ್ಣಾಬಣ್ಣಾ. ತಯಾರಾಗಿ ಮಷೀನ್ ಮ್ಯಾಲೆ ಕುಂತ ಮ್ಯಾಲೆ ಅಲ್ಲಿಯ ಮಿಸ್ತ್ರಿ ನನ್ನ ಕರೆದು ಕೈಯಾಗ ಒಂದು 17ರ ಪಾನಾ (ಸ್ಪ್ಯಾನರ್) ಕೊಟ್ಟು ‘ಸಾಹೇಬ್, ಕ್ಲ್ಯಾಂಪ್ ಬಿಗಿ ಮಾಡ್ರಿ’ ಅಂದ. ಪಾನಾ ನಟ್ಟಿಗೆ ಕುಂತಿತು, ತಿರುಗಲಿಲ್ಲ. ಬಾಜೂಕ ಪೀಸ್ ಕುಂದ್ರೂ ಜಾಗಾ ಹಿಡಿಯೋ ಲೊಕೇಟರ್ ಬ್ಲಾಕ್ ಬಡೀತಿತ್ತು. ಕಂಪ್ಯೂಟರ್ ಡ್ರಾಯಿಂಗ್ (ಕ್ಯಾಡ್) ಒಳಗ ನಟ್ಟು ಇತ್ತು, ಬೋಲ್ಟ್ ಇತ್ತು, ಪಾನಾ ಹಿಡಿಯೋ ಕೈ ಇರಲಿಲ್ಲ. ಆ ಬ್ಲಾಕ್ ಬಿಚ್ಚಿ ಮಿಲ್ಲಿಂಗಿಗೆ ಹಚ್ಚಿ ಮೂಲಿ ಕಡಿಸಿದ್ವಿ, ಅರ್ಧ ದಿನ ಹೋತು, ಮಿಸ್ತ್ರಿ ಒಂದ್ ಮಾತೂ ಬಯ್ಲಿಲ್ಲ, ಬರೇ ನಕ್ಕ, ಅದೇ ಹೆಚ್ಚು ಚುಚ್ಚಿತು. ಅವತ್ತಿನಿಂದ ಇವತ್ತಿನ ತನಕ ಯಾವ ಫಿಕ್ಸ್ಚರ್ ಮಾಡಿದ್ರೂ ಮೊದ್ಲು ಪಾನಾ ಎಷ್ಟು ತಿರುಗತೈತಿ, ಕೊರದಾಗ ಬರೋ ಲೋಹದ ಚೂರು (ಬರ್) ಎಲ್ಲಿ ಬೀಳತೈತಿ, ಪೀಸ್ ಉಲ್ಟಾ ಕುಂದ್ರತೈತೇನು ಅಂತ ನೋಡೂದು. ಎಸಿ ಆಫೀಸ್ನ್ಯಾಗ ಕುಂತು ಎರಡು ತಿಂಗಳು ಪಿಪಿಟಿ ಮಾಡಿದ್ರ ಇದು ಬರೂದಿಲ್ಲ.

ಆದ್ರ ಹೋಗೂ ಮೊದ್ಲ ಒಂದು ಪ್ರಶ್ನೆ ಕೇಳು: ‘ನಾ ಮಾಡಿದ ಡ್ರಾಯಿಂಗ್ ಮ್ಯಾಲೆ ಚೆಕ್ಡ್ ಬೈ (ಪರೀಕ್ಷಿಸಿದವರು) ಅನ್ನೋ ಜಾಗಾದಾಗ ಸಹಿ ಯಾರು ಹಾಕ್ತಾರ?’ ಹೆಸರು ಹೇಳಿದ್ರ ಕಣ್ಣು ಮುಚ್ಚಿ ಹೋಗು. ‘ನೋಡೋಣು, ಬಾ’ ಅಂದ್ರ ನಿನ್ನ ಝೆರಾಕ್ಸ್ ತಗಸಾಕ ಕರ್ಯಾಕತ್ತಾರ ಅಂತ ತಿಳ್ಕೋ.

ಸಾಗರದವಳು_ಮೋಶಿ:
ಕಾಕಾ ಹೇಳಿದ್ದೆಲ್ಲ ಸರಿ, ಆದ್ರೆ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ವಿಷ್ಯ ಬಿಟ್ಟೇ ಬಿಟ್ರಲ್ಲ! ತಮ್ಮಾ, ಅದನ್ನ ಮಾತ್ರ ಕೊಡ್ಬೇಡ ಮಾರಾಯಾ. ನನ್ನ ಫೈನಲ್ ಇಯರ್ ಇಂಟರ್ನ್‌ಶಿಪ್ಪಲ್ಲಿ ಒಂದು ಕಂಪನಿ ಹೀಗೇ ಕೇಳಿ ಇಟ್ಕೊಂಡಿದ್ರು, ಮಧ್ಯದಲ್ಲಿ ನಂಗೆ ಬೇರೆ ಕಡೆ ಕೆಲಸ ಸಿಕ್ಕಿ ವಾಪಸ್ ಕೇಳಿದ್ರೆ ಸಾಹೇಬ್ರು ರಜೆ, ಬೀರು ಕೀ ಇಲ್ಲ, ನಾಳೆ ಬಾ ಅಂತ ಮೂರು ವಾರ ಓಡಾಡ್ಸಿದ್ರು, ಕೊನೆಗೆ ಅಪ್ಪನೇ ಊರಿಂದ ಬಂದು ಆ ಆಫೀಸ್ ಬಾಗಿಲಲ್ಲಿ ಕೂತ್ಮೇಲೆ ಕೊಟ್ರು. ಒರಿಜಿನಲ್ ತೋರ್ಸು, ಅವ್ರ ಎದುರಿಗೇ ಝೆರಾಕ್ಸ್‌ಗೆ ಸಹಿ ಮಾಡಿ ಕೊಡು, ಒರಿಜಿನಲ್ ಬ್ಯಾಗಿಗೆ ಹಾಕ್ಕೊಂಡು ಬಾ. ಸ್ಟೈಪೆಂಡ್ ಎಷ್ಟು, ಯಾವ ತಾರೀಖು, ಕಂಪನಿ ಅಕೌಂಟಿಂದ ಬರುತ್ತಾ ಕಾಂಟ್ರಾಕ್ಟರ್ ಕೈಯಿಂದನಾ, ಇದೆಲ್ಲ ಆಫರ್ ಲೆಟರಲ್ಲಿ ಇರ್ಲಿ.

ಮತ್ತೆ ರೂಮ್ ಹುಡುಕೋವಾಗ ಮೆಟ್ರೋ ಇದೆ ಅಂತ ಖುಷಿ ಪಡ್ಬೇಡ, ಸ್ಟೇಷನ್ ಇರೋದು ನಾಶಿಕ್ ಫಾಟಾದಲ್ಲಿ, ಅಲ್ಲಿಂದ ಎಂಐಡಿಸಿ ಒಳಗೆ ಮತ್ತೆ ಆಟೋ. ಮಳೆಗಾಲದಲ್ಲಿ ಸೇಫ್ಟಿ ಶೂ ಒಣಗೋದೇ ಇಲ್ಲ, ಎರಡು ಜೊತೆ ಸಾಕ್ಸ್ ಬ್ಯಾಗಲ್ಲಿ ಇಟ್ಕೋ.

ಹಿಂಜವಡಿ_ಹೈದ:
ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೈಬೇಡಿ. ಕ್ಯಾಂಪಸ್‌ಗೆ ಬಂದವ್ರು ರೆಸ್ಯೂಮೆಲಿ ಮೊದ್ಲು ನೋಡೋದು ಕಂಪನಿ ಹೆಸ್ರನ್ನೇ. 60 ಜನದ ಕಂಪನಿ ಹೆಸ್ರು ಯಾರಿಗೆ ಗೊತ್ತು? ಅದಕ್ಕಿಂತ ಡಿಗ್ರಿ ಮುಗಿಸ್ಕೊಂಡು ನ್ಯಾಟ್ಸ್‌ನಲ್ಲಿ (ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿ ಯೋಜನೆ) ದೊಡ್ಡ ಕಡೆ ಅಪ್ರೆಂಟಿಸ್ ಆಗ್ಬೋದಲ್ವಾ.

ಟೂಲ್‌ರೂಮ್_ಕಾಕಾ:
ಹೈದಾ, ಬಯ್ಯೂದೇನೈತಿ, ಹೆಸರಿನ ಮಾತು ಖರೇನ ಐತಿ. ಆದ್ರ ನ್ಯಾಟ್ಸ್ ಬ್ಯಾರೆ ದಾರಿ. ಅದು 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ, ಡಿಗ್ರಿ ಡಿಪ್ಲೊಮಾ ಮುಗಿಸಿದವರಿಗೆ ಒಂದು ವರ್ಷ, ಸ್ಟೈಪೆಂಡಿನ ಪಾಲು ಸರ್ಕಾರನೂ ಕೊಡತೈತಿ, ಈ ಕಡೆದು ಮುಂಬೈದ ಅಪ್ರೆಂಟಿಸ್ ತರಬೇತಿ ಬೋರ್ಡ್ ನೋಡ್ಕೋತೈತಿ. ಇಂವ ಇನ್ನೂ ಮೂರನೇ ವರ್ಷ. ಇದನ್ನ ಮಾಡಿ ಆಮ್ಯಾಲೆ ಬೇಕಾದ್ರ ಅದನ್ನೂ ನೋಡ್ಲಿ. ಮತ್ತ ನಾ ಇಂಟರ್ವ್ಯೂ ತಗೊಳ್ಳೂವಾಗ ಹೆಸರು ನೋಡ್ತೀನಿ, ಸುಳ್ಳ್ಯಾಕ ಹೇಳ್ಲಿ, ಆದ್ರ ಎರಡನೇ ಪ್ರಶ್ನೆ ‘ಅಲ್ಲಿ ನೀ ಏನ್ ಕೆಡಿಸಿದ್ದಿ’ ಅಂತ. ಏನೂ ಕೆಡಿಸಿಲ್ಲ ಅಂದಾಂವ ಏನೂ ಮುಟ್ಟಿಲ್ಲ.

ಚಿಕ್ಕೋಡಿ_ಹುಡುಗ:
ಇವತ್ತ ಹೋಗಿ ಬಂದ್ನಿರಿ. ಮಾರ್ಕ್ಸ್‌ಕಾರ್ಡ್ ಕೊಡಂಗಿಲ್ಲ ಅಂದಿದ್ದಕ್ಕ ಮೇಡಮ್ಮು ಮಾರಿ ಸಣ್ಣ ಮಾಡಿದ್ರು, ಆದ್ರ ಝೆರಾಕ್ಸ್ ಇಟ್ಕೊಂಡ್ರು. ಸಹಿ ಪ್ರಶ್ನೆ ಕೇಳಿದಕೂಡ್ಲೆ ಡಿಸೈನ್ ಹೆಡ್ ಎದ್ದು ಶಾಪ್ ಒಳಗ ಕರ್ಕೊಂಡು ಹೋಗಿ ಒಬ್ಬ ವಯಸ್ಸಾದ ಮರಾಠಿ ಕಾಕಾನ ತೋರಿಸಿ, ‘ನಾ ಆಮ್ಯಾಲೆ, ಮೊದ್ಲು ಇವ್ರು ಒಪ್ಪಬೇಕು’ ಅಂದ್ರು. ಆ ಕಾಕಾ ನನ್ನ ಚಪ್ಪಲಿ ನೋಡಿ ಹೊರಗ ಕಳಿಸಿದ. ಎಚ್‌ಓಡಿ ಸರ್ ಒಂದು ಸೆಮ್ ಕ್ರೆಡಿಟ್ ಬರ್ದು ಕೊಡ್ತೀನಿ ಅಂದಾರ, ಎರಡನೇದ್ದು ಆಮ್ಯಾಲೆ ನೋಡೂಣಂತ. ಜನವರಿಗೆ ಸೇರ್ಕೋತೀನ್ರಿ.

ಅಕ್ಕಾರ, ಕಾಕಾರ, ಎಂಐಡಿಸಿ ಹತ್ರ ಜೋಳದ ಭಕ್ರಿ ಕೊಡೋ ಮೆಸ್ ಯಾವದರ ಐತೇನ್ರಿ? ಚಪಾತಿ ತಿಂದು ತಿಂದು ಸಾಕಾಗೇತಿ.

ಸಾಗರದವಳು_ಮೋಶಿ:
ಭಕ್ರಿ ಎಲ್ಲಾ ಕಡೆ ಸಿಗತ್ತೆ, ನಂಗೆ ಒಂದ್ ಪ್ಲೇಟ್ ನೀರ್‌ದೋಸೆ ಎಲ್ಲಿ ಸಿಗತ್ತೆ ಹೇಳು ಮೊದ್ಲು.